ತಲೆಯಿಲ್ಲದ ಬೋಲ್ಟಿಗೆ ಹಿಡಿ ಎಲ್ಲಿ? ಸ್ಟಡ್ ಡ್ರೈವರ್‌ನ ಒಳಗಣ ಲೆಕ್ಕ

ಪುಣೆಗೆ ಬಂದು ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ ಫಿಟ್ಟಿಂಗ್ ಕೆಲಸಕ್ಕೆ ಸೇರಿದ ಮೊದಲ ವಾರ. ಮೇಜಿನ ಮೇಲೆ ಒಂದು ಪಂಪಿನ ಅಲ್ಯೂಮಿನಿಯಂ ಕವಚ ಇತ್ತು. ಅದರ ಅಂಚಿನ ಸುತ್ತ ಎಂಟು ರಂಧ್ರ, ಎಂಟಕ್ಕೂ ಎಂ10 ಸ್ಟಡ್, ಅಂದರೆ 10 ಮಿಲಿಮೀಟರ್ ಥ್ರೆಡ್ಡಿನ ತಲೆಯಿಲ್ಲದ ಬೋಲ್ಟು, ಕೂರಿಸಬೇಕು. ಕೈಗೆ ಸಿಕ್ಕಿದ ಉಪಕರಣ ಅಲ್ಲೇ ಯಾರೋ ಮಾಡಿಟ್ಟದ್ದು: ಉದ್ದನೆಯ ಒಂದು ನಟ್, ಅದರ ಒಂದು ಬಾಯಿಗೆ ವೆಲ್ಡ್ ಮಾಡಿ ಮುಚ್ಚಿದ ಚಪ್ಪಟೆ ಉಕ್ಕಿನ ಬಿಲ್ಲೆ. ನಟ್ಟನ್ನು ಸ್ಟಡ್ಡಿನ ಮೇಲ್ತುದಿಗೆ ತಿರುಗಿಸಬೇಕು, ತುದಿ ಬಿಲ್ಲೆಗೆ ತಾಗಿದ ಮೇಲೆ ಪಾನಾ ಹಾಕಿ ಬಿಗಿಯಬೇಕು. ಬಿಗಿದೆ. ಸ್ಟಡ್ ಒಳಗೆ ಹೋಗಿ ಗಟ್ಟಿಯಾಗಿ ಕೂತಿತು. ಉಪಕರಣವನ್ನು ಬಿಡಿಸಲು ಪಾನಾವನ್ನು ಹಿಂದಕ್ಕೆ ಎಳೆದಾಗ, ಅದರ ಜೊತೆಯಲ್ಲೇ ಸ್ಟಡ್ಡೂ ಎದ್ದು ಬಂತು. ಎಂಟರಲ್ಲಿ ಐದು ಹೀಗೆಯೇ ಬಂದವು.

ಪಕ್ಕದ ಲೇಥಿನಲ್ಲಿ ಇಂಡಿ ಕಡೆಯ ಕಾಕಾ ಒಬ್ಬರಿದ್ದರು. ನನ್ನ ಪಾಡನ್ನು ಸ್ವಲ್ಪ ಹೊತ್ತು ನೋಡಿ, ಆ ನಟ್ಟನ್ನು ಕೈಗೆ ತೆಗೆದುಕೊಂಡು ಒಳಗೆ ಇಣುಕಿದರು. “ತಮ್ಮಾ, ಇದನ್ನು ಮಾಡಿದವನು ಹಿಡಿಯುವುದನ್ನು ಮಾತ್ರ ಯೋಚಿಸಿದ್ದಾನೆ. ಬಿಡುವುದನ್ನು ಯೋಚಿಸಿಲ್ಲ,” ಎಂದರು.

ಸ್ಟಡ್ ಡ್ರೈವರ್ ಎಂಬ ಉಪಕರಣದ ವಿನ್ಯಾಸವೆಲ್ಲ ಆ ಮಾತಿನೊಳಗಿದೆ ಎಂದು ತಿಳಿಯಲು ನನಗೆ ವರ್ಷಗಳು ಬೇಕಾದವು. ತಿರುಗುವ ಸರಳನ್ನು ಹಿಡಿಯಲು ಹತ್ತು ದಾರಿಗಳಿವೆ. ಹಿಡಿದು, ಬೇಕಾದಷ್ಟು ಬಲ ಕೊಟ್ಟು, ಬೇಕಾದ ಆಳದಲ್ಲಿ ನಿಲ್ಲಿಸಿ, ಕೂತದ್ದನ್ನು ಒಂದು ಕೂದಲೆಳೆಯಷ್ಟೂ ಅಲುಗಿಸದೆ ಬಿಟ್ಟು ಬರುವುದೇ ಕಷ್ಟದ ಕೆಲಸ.

ಮೊದಲು ಸ್ಟಡ್ ಎಂದರೇನು, ಅದು ಏಕೆ ಬೇಕು ಎನ್ನುವುದನ್ನು ನೋಡೋಣ. ಎರಡೂ ತುದಿಗೆ ಥ್ರೆಡ್ ಇರುವ, ತಲೆಯಿಲ್ಲದ ಉಕ್ಕಿನ ಸರಳು ಅದು. ಒಂದು ತುದಿ ಎರಕದ ಮೈಯೊಳಗೆ ಕೂತು ಅಲ್ಲೇ ಉಳಿಯುತ್ತದೆ. ಇನ್ನೊಂದು ತುದಿ ಹೊರಗೆ ನಿಂತು ನಟ್ಟಿಗಾಗಿ ಕಾಯುತ್ತದೆ. ಬೋಲ್ಟನ್ನೇ ನೇರವಾಗಿ ಎರಕಕ್ಕೆ ಬಿಗಿಯಬಹುದಲ್ಲ ಎಂದು ಕೇಳಬಹುದು. ಬೋಲ್ಟನ್ನು ಬಿಗಿಯುವಾಗ ಉಕ್ಕಿನ ಥ್ರೆಡ್, ಪೂರ್ಣ ಭಾರ ಹೊತ್ತುಕೊಂಡು, ಅಲ್ಯೂಮಿನಿಯಂ ಥ್ರೆಡ್ಡಿನ ಮೇಲೆ ಉಜ್ಜುತ್ತಾ ಜಾರುತ್ತದೆ. ಒಮ್ಮೆ ಎರಡು ಸಲ ಆದರೆ ತಡೆದೀತು. ಸರ್ವೀಸಿಗೆಂದು ಹತ್ತಾರು ಸಲ ಬಿಚ್ಚಿ ಹಾಕಿದರೆ ಮೆತ್ತನೆಯ ಥ್ರೆಡ್ ಸವೆದು, ಒಂದು ದಿನ ಬೋಲ್ಟಿನ ಜೊತೆ ಸುರುಳಿಯಾಗಿ ಕಿತ್ತು ಬರುತ್ತದೆ. ಆಗ ಹಾಳಾದದ್ದು ಹತ್ತು ರೂಪಾಯಿಯ ಬೋಲ್ಟಲ್ಲ, ಇಡೀ ಎಂಜಿನ್ ಬ್ಲಾಕ್. ಸ್ಟಡ್ ಇದ್ದರೆ ಎರಕದೊಳಗಿನ ಥ್ರೆಡ್ ಒಂದೇ ಸಲ ಕೂತು ಸುಮ್ಮನಿರುತ್ತದೆ. ಬಿಚ್ಚುವುದು, ಹಾಕುವುದು, ಸವೆಯುವುದು ಎಲ್ಲ ಹೊರಗಿನ ಉಕ್ಕಿನ ನಟ್ಟಿನ ಪಾಲಿಗೆ. ಜೊತೆಗೆ, ಸಿಲಿಂಡರ್ ಹೆಡ್ಡನ್ನು ಇಳಿಸುವಾಗ ನೆಟ್ಟಗೆ ನಿಂತ ಸ್ಟಡ್‌ಗಳೇ ಅದಕ್ಕೆ ದಾರಿ ತೋರಿಸುತ್ತವೆ, ಗ್ಯಾಸ್ಕೆಟ್ ಅತ್ತಿತ್ತ ಸರಿಯುವುದಿಲ್ಲ. ಖಡಕಿಯಲ್ಲಿ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾದಂದಿನಿಂದ ಪುಣೆ ಡೀಸೆಲ್ ಎಂಜಿನ್ನುಗಳ ಊರು. ಹಾಗಾಗಿ ಇಲ್ಲಿನ ಶೆಡ್ಡುಗಳಲ್ಲಿ ಕೆಲಸ ಕಲಿತವರಿಗೆ ಸ್ಟಡ್ ಎಂದರೆ ಮನೆಯ ಮಾತು.

ಎಷ್ಟು ಆಳಕ್ಕೆ ಕೂರಬೇಕು ಎನ್ನುವುದು ಎರಕದ ಲೋಹವನ್ನು ಅವಲಂಬಿಸುತ್ತದೆ. ಜರ್ಮನಿಯ ಡಿಐಎನ್ ಮಾನದಂಡಗಳನ್ನು ನಮ್ಮ ಕಡೆಯ ಡ್ರಾಯಿಂಗುಗಳಲ್ಲೂ ಕಾಣಬಹುದು. ಅವುಗಳಲ್ಲಿ ಉಕ್ಕಿಗೆ ಕೂರಿಸುವ ಸ್ಟಡ್ಡಿಗೆ 938ನೇ ಸಂಖ್ಯೆ, ಒಳಹೋಗುವ ಉದ್ದ ಸುಮಾರಾಗಿ ಸ್ಟಡ್ಡಿನ ವ್ಯಾಸದಷ್ಟೇ. ಬೀಡು ಕಬ್ಬಿಣಕ್ಕೆ 939, ಅಲ್ಲಿ ವ್ಯಾಸದ ಒಂದೂಕಾಲು ಪಟ್ಟು. ಅಲ್ಯೂಮಿನಿಯಂಗೆ 835, ಅಲ್ಲಿ ಎರಡು ಪಟ್ಟು. ಲೋಹ ಮೆತ್ತಗಾದಷ್ಟೂ ಹೆಚ್ಚು ಸುತ್ತುಗಳು ಭಾರವನ್ನು ಹಂಚಿಕೊಳ್ಳಬೇಕು ಎನ್ನುವುದೇ ಇದರ ತಿರುಳು. ನನ್ನ ಪಂಪಿನ ಎಂ10 ಸ್ಟಡ್ ಅಲ್ಯೂಮಿನಿಯಂನೊಳಗೆ 20 ಮಿಲಿಮೀಟರ್ ಹೋಗಬೇಕಿತ್ತು. ಪಿಚ್, ಎಂದರೆ ಒಂದು ಸುತ್ತಿಗೆ ಸ್ಟಡ್ ಇಳಿಯುವ ದೂರ, 1.5 ಮಿಲಿಮೀಟರ್. ಅಲ್ಲಿಗೆ ಹದಿಮೂರು ಸುತ್ತಿಗೂ ಸ್ವಲ್ಪ ಹೆಚ್ಚು.

ಈಗ ಉಪಕರಣಕ್ಕೆ ಬರೋಣ. ಬೋಲ್ಟಿಗೆ ಆರು ಮುಖದ ತಲೆ ಇದೆ, ಪಾನಾ ಹಾಕಿದರೆ ಮುಗಿಯಿತು. ಸ್ಟಡ್ಡಿಗೆ ತಲೆಯೇ ಇಲ್ಲ. ಹಿಡಿಯಲು ಉಳಿದಿರುವುದು ಎರಡೇ ಜಾಗ: ಮೇಲ್ತುದಿಯ ಥ್ರೆಡ್, ಇಲ್ಲವೇ ನಡುವಿನ ನುಣುಪಾದ ಮೈ. ಕೆಲವು ಸ್ಟಡ್‌ಗಳ ತುದಿಯಲ್ಲಿ ಅಲೆನ್ ಕೀ ಕೂರುವ ಗುಳಿ ಕೊರೆದಿರುತ್ತಾರೆ. ಅಂಥದ್ದು ಸಿಕ್ಕವರು ಅದೃಷ್ಟವಂತರು, ಅವರಿಗೆ ಈ ಲೇಖನ ಬೇಕಾಗಿಲ್ಲ.

ಎಲ್ಲರಿಗೂ ಗೊತ್ತಿರುವ ಹಳೆಯ ಉಪಾಯ ಎರಡು ನಟ್ಟಿನದು. ಸ್ಟಡ್ಡಿನ ಮೇಲೆ ಎರಡು ನಟ್ ಹಾಕಿ, ಎರಡು ಪಾನಾ ಹಿಡಿದು, ಒಂದನ್ನೊಂದರ ಮೇಲೆ ಬಿಗಿಯುತ್ತೇವೆ. ಆಗ ಅವೆರಡೂ ಸ್ಟಡ್ಡಿಗೆ ಬೆಸೆದಂತಾಗುತ್ತವೆ. ಒಳಗೆ ಹಾಕಬೇಕಾದರೆ ಮೇಲಿನ ನಟ್ಟನ್ನೇ ತಿರುಗಿಸಬೇಕು, ಹೊರಗೆ ತೆಗೆಯಬೇಕಾದರೆ ಕೆಳಗಿನದನ್ನೇ. ಅದು ಬರಿಯ ರೂಢಿಯಲ್ಲ. ಮೇಲಿನ ನಟ್ಟನ್ನು ಬಲಕ್ಕೆ ತಿರುಗಿಸಿದರೆ ಅದು ಕೆಳಗಿಳಿಯಲು ನೋಡುತ್ತದೆ, ಕೆಳಗಿನ ನಟ್ಟನ್ನು ಇನ್ನಷ್ಟು ಒತ್ತುತ್ತದೆ, ಬಿಗಿ ಹೆಚ್ಚುತ್ತದೆ. ಕೆಳಗಿನದನ್ನು ಎಡಕ್ಕೆ ತಿರುಗಿಸಿದರೆ ಅದು ಮೇಲೇರಲು ನೋಡಿ ಮೇಲಿನದನ್ನು ಒತ್ತುತ್ತದೆ. ತಪ್ಪು ನಟ್ಟಿಗೆ ಪಾನಾ ಹಾಕಿದರೆ ಜೋಡಿ ಬೇರೆಯಾಗುತ್ತದೆ, ಸ್ಟಡ್ ಇದ್ದಲ್ಲೇ ಇರುತ್ತದೆ. ಬಿಡಿಸುವಾಗಲೂ ತೊಂದರೆಯಿಲ್ಲ: ಕೆಳಗಿನ ನಟ್ಟನ್ನು ಒಂದು ಪಾನಾದಲ್ಲಿ ಅದುಮಿ ಹಿಡಿದು ಮೇಲಿನದನ್ನು ಸಡಿಲಿಸಿದರೆ ಜಗಳವೆಲ್ಲ ಆ ಎರಡರ ನಡುವೆಯೇ ಮುಗಿಯುತ್ತದೆ, ಸ್ಟಡ್ಡಿನವರೆಗೆ ಬರುವುದಿಲ್ಲ. ಒಂದೆರಡು ಸ್ಟಡ್ಡಿಗೆ ಇದಕ್ಕಿಂತ ಒಳ್ಳೆಯ ಉಪಕರಣ ಬೇಡ. ದಿನಕ್ಕೆ ನೂರು ಕೂರಿಸಬೇಕಾದಾಗ ಮಾತ್ರ ಈ ಲೆಕ್ಕ ಹೊಂದುವುದಿಲ್ಲ.

ಹಾಗಾಗಿ ಒಂದೇ ತುಂಡಿನ ಡ್ರೈವರ್. ನನ್ನನ್ನು ಸೋಲಿಸಿದ್ದು ಇದೇ ಜಾತಿ. ಇದರಲ್ಲಿ ಎರಡನೆಯ ನಟ್ಟಿನ ಕೆಲಸವನ್ನು ಒಳಗಿನ ತಡೆ ಮಾಡುತ್ತದೆ. ಸ್ಟಡ್ಡಿನ ತುದಿ ತಡೆಗೆ ತಾಗಿದ ಮೇಲೆ ಡ್ರೈವರ್ ಮುಂದೆ ಹೋಗಲಾರದು. ಥ್ರೆಡ್ಡಿನಲ್ಲಿ ಒತ್ತಡ ಹುಟ್ಟುತ್ತದೆ, ಆ ಒತ್ತಡದ ಘರ್ಷಣೆಯಲ್ಲಿ ಸ್ಟಡ್ ತಿರುಗುತ್ತದೆ. ಈಗ ಹಿಂದಕ್ಕೆ ತಿರುಗಿಸಿದರೆ ಎರಡು ಕಡೆ ಹಗ್ಗಜಗ್ಗಾಟ. ಮೇಲೆ ಡ್ರೈವರ್ ಸ್ಟಡ್ಡನ್ನು ಬಿಡಬೇಕು, ಕೆಳಗೆ ರಂಧ್ರ ಸ್ಟಡ್ಡನ್ನು ಬಿಡಬಾರದು. ಯಾವುದು ಮೊದಲು ಸೋಲುತ್ತದೋ ಅಲ್ಲಿ ಸ್ಟಡ್ ಸಡಿಲವಾಗುತ್ತದೆ.

ಯಾವುದು ಸೋಲುತ್ತದೆ ಎಂದು ಅಂದಾಜಿನ ಮೇಲೆ ಬಿಡಬೇಕಾಗಿಲ್ಲ, ಕಾಗದದ ಮೇಲೆ ಲೆಕ್ಕ ಹಾಕಬಹುದು. ಥ್ರೆಡ್ ಎಂದರೆ ಸರಳಿನ ಸುತ್ತ ಸುತ್ತಿದ ಇಳಿಜಾರು. ಎಂ10, 1.5 ಪಿಚ್ ಥ್ರೆಡ್ಡಿನ ಸರಾಸರಿ ವ್ಯಾಸ 9.03 ಮಿಲಿಮೀಟರ್, ಇಳಿಜಾರಿನ ಕೋನ ಸುಮಾರು 3 ಡಿಗ್ರಿ. ಘರ್ಷಣೆಯ ಗುಣಾಂಕ 0.15 ಎಂದಿಟ್ಟುಕೊಂಡು ಥ್ರೆಡ್ಡಿನ 60 ಡಿಗ್ರಿಯ ಹಲ್ಲಿನ ಆಕಾರವನ್ನೂ ಸೇರಿಸಿದರೆ ಘರ್ಷಣೆಯ ಕೋನ, ಅಂದರೆ ಘರ್ಷಣೆಯೊಂದೇ ಜಾರದಂತೆ ತಡೆದು ನಿಲ್ಲಿಸಬಲ್ಲ ಇಳಿಜಾರು, 9.8 ಡಿಗ್ರಿ ಬರುತ್ತದೆ. ಬಿಗಿಯುವಾಗ ಗುಡ್ಡ ಏರಬೇಕು, ಎರಡೂ ಕೋನ ಕೂಡುತ್ತವೆ. ಬಿಚ್ಚುವಾಗ ಗುಡ್ಡ ಇಳಿಯುವುದು, ಒಂದರಿಂದ ಇನ್ನೊಂದನ್ನು ಕಳೆಯಬೇಕು. ಫಲವಾಗಿ, ಬರಿಯ ಥ್ರೆಡ್ಡನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, 100 ಪಾಲು ಬಲದಿಂದ ಬಿಗಿದದ್ದು 52 ಪಾಲು ಬಲಕ್ಕೇ ಬಿಚ್ಚಿಕೊಳ್ಳುತ್ತದೆ.

ಆದರೆ ಥ್ರೆಡ್ ಒಂದೇ ಅಲ್ಲ, ತುದಿಯೂ ಉಜ್ಜುತ್ತದೆ. ಸ್ಟಡ್ಡಿನ ಚಪ್ಪಟೆ ತುದಿ ಚಪ್ಪಟೆ ಬಿಲ್ಲೆಗೆ ಒತ್ತಿದಾಗ, ಆ ಉಜ್ಜಾಟ ನಡುಬಿಂದುವಿನಿಂದ ಸರಾಸರಿ 3 ಮಿಲಿಮೀಟರ್ ದೂರದಲ್ಲಿ ನಡೆಯುತ್ತದೆ ಎಂದುಕೊಳ್ಳೋಣ. ಬಿಗಿಯಲಿ, ಬಿಚ್ಚಲಿ, ಅದು ಎರಡೂ ದಿಕ್ಕಿಗೆ ಒಂದೇ ಸಮನಾಗಿ ಅಡ್ಡ ಬರುತ್ತದೆ. ಅದನ್ನು ಸೇರಿಸಿದರೆ ಬಿಚ್ಚುವ ಬಲ 52ರಿಂದ 67ಕ್ಕೇರುತ್ತದೆ. ಕೆಳಗಡೆ ಸ್ಟಡ್ಡಿನ ಇನ್ನೊಂದು ತುದಿಯೂ ರಂಧ್ರದ ತಳಕ್ಕೆ ಚಪ್ಪಟೆಯಾಗಿ ಕೂತಿದೆ ಎಂದುಕೊಂಡರೆ ಅಲ್ಲಿಯೂ ಅದೇ 67. ಮೇಲೆ 67, ಕೆಳಗೆ 67. ನಾಣ್ಯ ಚಿಮ್ಮಿದ ಹಾಗೆ, ಒಮ್ಮೆ ಅದು, ಒಮ್ಮೆ ಇದು.

ನನಗೆ ಎಂಟರಲ್ಲಿ ನಾಲ್ಕಲ್ಲ, ಐದು ಬಂದವು. ಅದಕ್ಕೂ ಕಾರಣವಿತ್ತು. ಅನೇಕ ಸ್ಟಡ್‌ಗಳ ಎರಡು ತುದಿಗೂ ಒಂದೇ ಥ್ರೆಡ್ ಇರುವುದಿಲ್ಲ. ಎರಕದ ಕಡೆ ದಪ್ಪ ಹಲ್ಲು, ನಟ್ಟಿನ ಕಡೆ ಸಣ್ಣ ಹಲ್ಲು. ನನ್ನವು ಮೇಲ್ಗಡೆ 1.25 ಪಿಚ್ ಇದ್ದವು. ಸಣ್ಣ ಹಲ್ಲಿನ ಇಳಿಜಾರು ಇನ್ನೂ ಮಂದ, ಸುಮಾರು ಎರಡೂವರೆ ಡಿಗ್ರಿ. ಇಳಿಜಾರು ಮಂದವಾದಷ್ಟೂ ಥ್ರೆಡ್ ಕಚ್ಚಿ ಹಿಡಿಯುತ್ತದೆ. ಚಪ್ಪಟೆ ಬಿಲ್ಲೆಯ ಜೊತೆಗೆ ಆ ಲೆಕ್ಕ 72ಕ್ಕೆ ಹೋಗುತ್ತದೆ. ಮೇಲೆ 72, ಕೆಳಗೆ 67: ಉಪಕರಣ ಗೆಲ್ಲುತ್ತದೆ, ಸ್ಟಡ್ ಹೊರಗೆ ಬರುತ್ತದೆ. ಆವತ್ತು ನನ್ನ ಕೈಯ ತಪ್ಪೆಂದು ತಿಳಿದು ಸಂಕಟಪಟ್ಟಿದ್ದೆ. ತಪ್ಪು ಇದ್ದದ್ದು ರೇಖಾಗಣಿತದಲ್ಲಿ.

ಕಾಕಾ ಮಾಡಿದ ರಿಪೇರಿ ಹತ್ತು ನಿಮಿಷದ್ದು. ವೆಲ್ಡನ್ನು ಕತ್ತರಿಸಿ ಬಿಲ್ಲೆಯನ್ನು ತೆಗೆದರು. ಹಳೆಯ ಬೇರಿಂಗೊಂದನ್ನು ಒಡೆದು ಒಂದು ಗುಂಡು ಹೆಕ್ಕಿದರು. ನಟ್ಟಿನ ಮೇಲ್ಬಾಯಿಗೆ ಒಂದು ಗಿಡ್ಡ ಬೋಲ್ಟ್ ತಿರುಗಿಸಿ, ಅದರ ತುದಿಯಲ್ಲಿ ಸಣ್ಣ ಗುಳಿ ಕೊರೆದು, ಗ್ರೀಸ್ ಹಚ್ಚಿ ಗುಂಡನ್ನು ಅದರೊಳಗೆ ಕೂರಿಸಿದರು. ಈಗ ಸ್ಟಡ್ಡಿನ ತುದಿ ತಾಗುವುದು ಗುಂಡಿಗೆ, ಅದೂ ನಟ್ಟನಡುವೆ ಒಂದು ಚುಕ್ಕೆಯಷ್ಟು ಜಾಗದಲ್ಲಿ. ಉಜ್ಜಾಟ ಇದ್ದರೂ ನಡುಬಿಂದುವಿನಿಂದ ಅದರ ದೂರ ಹೆಚ್ಚುಕಡಿಮೆ ಸೊನ್ನೆ, ಆದ್ದರಿಂದ ತಿರುಗುಬಲಕ್ಕೆ ಅದರ ಕಾಣಿಕೆಯೂ ಸೊನ್ನೆ. ಸಣ್ಣ ಹಲ್ಲಿನ ಥ್ರೆಡ್ಡಿಗೂ ಲೆಕ್ಕ 72ರಿಂದ 59ಕ್ಕೆ ಇಳಿಯುತ್ತದೆ. ಮೇಲೆ 59, ಕೆಳಗೆ 67. ಉಳಿದ ಸ್ಟಡ್‌ಗಳಲ್ಲಿ ಒಂದೂ ತಿರುಗಿ ಬರಲಿಲ್ಲ. ಒಂದು ಗುಂಡು ಇಷ್ಟು ಮಾಡಬಲ್ಲದು ಎನ್ನುವುದು ನನಗೆ ಇವತ್ತಿಗೂ ಬೆರಗಿನ ವಿಷಯ.

ಮೇಲಿನ ಬೋಲ್ಟಿನಿಂದ ಇನ್ನೊಂದು ಲಾಭವೂ ಇದೆ. ಸ್ಟಡ್ ಕೂತ ಮೇಲೆ ನಟ್ಟನ್ನು ಪಾನಾದಲ್ಲಿ ಹಿಡಿದು ಬೋಲ್ಟನ್ನು ಮಾತ್ರ ಕಾಲು ಸುತ್ತು ಸಡಿಲಿಸಿದರೆ ಒಳಗಿನ ಒತ್ತಡವೇ ಇಲ್ಲವಾಗುತ್ತದೆ, ಆಮೇಲೆ ನಟ್ ಕೈಯಲ್ಲೇ ತಿರುಗಿ ಬರುತ್ತದೆ. ಕಾರ್ಖಾನೆಗಳಿಗೆಂದು ಮಾಡುವ ಡ್ರೈವರ್‌ಗಳಲ್ಲಿ ಈ ಕೆಲಸ ತಾನಾಗಿ ಆಗುವಂತೆಯೂ ಮಾಡಬಹುದು. ತಡೆಯ ಹಿಂದೆ ಕಡಿದಾದ ಇಳಿಜಾರಿನ ಒಂದು ಜೋಡಣೆ ಇಡುತ್ತಾರೆ. ಮೋಟಾರು ಹಿಂದಕ್ಕೆ ತಿರುಗತೊಡಗಿದಾಗ ಮೊದಲ ಕೆಲವು ಡಿಗ್ರಿಗಳಲ್ಲಿ ಥ್ರೆಡ್ ಇರುವ ಭಾಗ ಅಲುಗುವುದೇ ಇಲ್ಲ, ಒಳಗಿನ ತಡೆ ಮಾತ್ರ ಮೇಲಕ್ಕೆ ಸರಿಯುತ್ತದೆ. ಒತ್ತಡ ಹೋದ ಮೇಲಷ್ಟೇ ಥ್ರೆಡ್ ತಿರುಗಲು ಶುರು. ಕಾಕಾ ಎರಡು ಕೈಯಲ್ಲಿ ಮಾಡಿದ್ದನ್ನು ಇಲ್ಲಿ ಒಂದು ಇಳಿಜಾರು ಮಾಡುತ್ತದೆ.

ಇಷ್ಟಾದರೂ ಹಿಂದಕ್ಕೆ ತಿರುಗಿಸಲೇಬೇಕಲ್ಲ. ಹದಿಮೂರು ಸುತ್ತು ಒಳಗೆ, ಡ್ರೈವರ್ ಬಿಡಿಸಲು ಮತ್ತೆ ಆರೆಂಟು ಸುತ್ತು ಹೊರಗೆ. ಸಾಲು ಉತ್ಪಾದನೆಯಲ್ಲಿ ಅದು ದೊಡ್ಡ ವ್ಯರ್ಥ. ಅದಕ್ಕೆಂದೇ ತಾನೇ ಬಾಯಿ ತೆರೆಯುವ ಡ್ರೈವರ್ ಹುಟ್ಟಿತು.

ಇದರೊಳಗೆ ನಟ್ಟನ್ನು ಉದ್ದಕ್ಕೆ ಸೀಳಿದಂಥ ಎರಡು ಅಥವಾ ಮೂರು ದವಡೆಗಳಿರುತ್ತವೆ. ದವಡೆಯ ಒಳಮೈಯಲ್ಲಿ ಥ್ರೆಡ್, ಹೊರಮೈ ಓರೆ. ಅವುಗಳನ್ನು ಸುತ್ತುವರಿದ ತೋಳಿನ ಒಳಗೂ ಅದಕ್ಕೆ ಹೊಂದುವ ಓರೆ. ಸ್ಟಡ್ಡಿನ ತುದಿ ನಡುವಿನ ಗೂಟವನ್ನು ಮೇಲೆ ತಳ್ಳಿದಾಗ ದವಡೆಗಳು ಓರೆಯ ಇಕ್ಕಟ್ಟಿಗೆ ಸೇರಿ ಮುಚ್ಚಿಕೊಳ್ಳುತ್ತವೆ, ಸ್ಟಡ್ಡಿನ ಥ್ರೆಡ್ಡನ್ನು ಅಪ್ಪಿ ಹಿಡಿಯುತ್ತವೆ. ಇಡೀ ಉಪಕರಣ ತಿರುಗುತ್ತಾ ಕೆಳಗಿಳಿಯುತ್ತದೆ. ಬೇಕಾದ ಆಳ ಬಂದಾಗ ಉಪಕರಣದ ಮೂಗು ಎರಕದ ಮೈಗೆ ತಾಗುತ್ತದೆ, ಅಥವಾ ಯಂತ್ರದ ಆಳದ ತಡೆ ಅದನ್ನು ನಿಲ್ಲಿಸುತ್ತದೆ. ಹೊರಗಿನ ತೋಳಿನ ಇಳಿತ ಅಲ್ಲಿಗೆ ನಿಂತಿತು. ಸ್ಟಡ್ ಮಾತ್ರ ಇನ್ನೂ ತಿರುಗುತ್ತಾ ಇಳಿಯುತ್ತಿದೆ, ಹಾಗಾಗಿ ಅದು ದವಡೆಗಳನ್ನು ತನ್ನ ಜೊತೆ ಕೆಳಗೆ ಎಳೆದುಕೊಳ್ಳುತ್ತದೆ. ಓರೆಯ ಇಕ್ಕಟ್ಟಿನಿಂದ ಜಾರಿದ ದವಡೆಗಳು ಕೆಳಗಿನ ಅಗಲದ ಜಾಗಕ್ಕೆ ಬಂದು ತೆರೆದುಕೊಳ್ಳುತ್ತವೆ. ಉಪಕರಣವನ್ನು ನೇರವಾಗಿ ಮೇಲೆತ್ತಿದರಾಯಿತು. ಹಿಂದಕ್ಕೆ ತಿರುಗಿಸುವ ಪ್ರಶ್ನೆಯೇ ಇಲ್ಲ, ಹಗ್ಗಜಗ್ಗಾಟದ ಪ್ರಶ್ನೆಯೂ ಇಲ್ಲ. ಸ್ಟಡ್ಡಿನ ಚಲನೆಯೇ ಅದನ್ನು ಬಿಡಿಸುವ ಬೀಗದಕೈ ಆಗಿರುವುದು ಈ ವಿನ್ಯಾಸದ ಸೊಗಸು. ಸ್ಟಡ್ ಡ್ರೈವರ್‌ಗಳಲ್ಲೆಲ್ಲ ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದೇ.

ಆಳವನ್ನು ಕಣ್ಣಳತೆಗೆ ಬಿಡದೆ ಉಪಕರಣದ ಆಕಾರಕ್ಕೇ ವಹಿಸುವುದು ಏಕೆ ಮುಖ್ಯ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಗಾಳಿಯ ಮೋಟಾರು ನಿಮಿಷಕ್ಕೆ 300 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಐದು ಸುತ್ತು, 1.5 ಪಿಚ್ಚಿನ ಸ್ಟಡ್ ಸೆಕೆಂಡಿಗೆ 7.5 ಮಿಲಿಮೀಟರ್ ಇಳಿಯುತ್ತದೆ. 20 ಮಿಲಿಮೀಟರ್ ಮುಗಿಯಲು ಮೂರು ಸೆಕೆಂಡೂ ಬೇಡ. ಕೆಲಸಗಾರ ಗುಂಡಿ ಬಿಡುವುದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೆ ಸ್ಟಡ್ ಮುಕ್ಕಾಲು ಮಿಲಿಮೀಟರ್ ಹೆಚ್ಚು ಇಳಿದಿರುತ್ತದೆ, ಇಲ್ಲವೇ ಅಷ್ಟು ಇಳಿಯಲು ಜಾಗವಿಲ್ಲದೆ ತಳಕ್ಕೆ ಗುದ್ದಿರುತ್ತದೆ.

ದವಡೆಯ ಓರೆ ಎಷ್ಟಿರಬೇಕು? ಇಲ್ಲಿ ಲೇಥಿನವರಿಗೂ ಮಿಲಿಂಗಿನವರಿಗೂ ಚೆನ್ನಾಗಿ ಗೊತ್ತಿರುವ ಉದಾಹರಣೆಯೇ ಸಾಕು. ಲೇಥಿನ ಹಿಂತುದಿಯ ಟೇಲ್‌ಸ್ಟಾಕಿಗೆ ಹಾಕುವ, ಹಿಡಿ ಓರೆಯಾಗಿರುವ ಮೋರ್ಸ್ ಟೇಪರ್ ಡ್ರಿಲ್ಲನ್ನು ನೆನಪಿಸಿಕೊಳ್ಳಿ. ಅದರ ಓರೆ ಒಂದು ಬದಿಗೆ ಸುಮಾರು ಒಂದೂವರೆ ಡಿಗ್ರಿ. ಕೈಯಲ್ಲಿ ತಳ್ಳಿ ಕೂರಿಸಿದರೆ ಕಚ್ಚಿಕೊಳ್ಳುತ್ತದೆ, ತೆಗೆಯಲು ಹಿಂದಿನಿಂದ ಬಲವಾಗಿ ತಳ್ಳಬೇಕು. ಮಿಲಿಂಗ್ ಯಂತ್ರದ ಸ್ಪಿಂಡಲ್ಲಿನ ಓರೆ 24ಕ್ಕೆ 7, ಬದಿಗೆ ಎಂಟು ಡಿಗ್ರಿಗೂ ಮೇಲೆ. ಅದು ತಾನಾಗಿ ಕಚ್ಚಿಕೊಳ್ಳುವುದಿಲ್ಲ, ಹಿಂದಿನ ಸರಳಿನಿಂದ ಎಳೆದು ಹಿಡಿದಿದ್ದರಷ್ಟೇ ನಿಲ್ಲುತ್ತದೆ, ಬಿಟ್ಟರೆ ಕೈಗೆ ಬರುತ್ತದೆ. ದವಡೆಯ ಡ್ರೈವರ್ ಮಾಡುವವರು ಈ ಎರಡನೆಯ ಗುಂಪಿನವರಂತೆ ಯೋಚಿಸಬೇಕು. ಓರೆ ಘರ್ಷಣೆಯ ಕೋನಕ್ಕಿಂತ ಚೆನ್ನಾಗಿ ದೊಡ್ಡದಿರಬೇಕು, ಇಲ್ಲದಿದ್ದರೆ ದವಡೆಗಳು ತೋಳಿನೊಳಗೇ ಸಿಕ್ಕಿಕೊಂಡು, ಸ್ಟಡ್ ಬೇಡವೆಂದರೂ ಬಿಡುವುದಿಲ್ಲ. ಎಣ್ಣೆ ಒಣಗಿ ಲೋಹದ ಪುಡಿ ಸೇರಿದಾಗ ಘರ್ಷಣೆ ಹೆಚ್ಚುತ್ತದೆ. ಒಳ್ಳೆಯ ಡ್ರೈವರ್ ಕೂಡ ಇದ್ದಕ್ಕಿದ್ದಂತೆ ಬಾಯಿ ಬಿಡದೆ ಹಟ ಹಿಡಿದರೆ ಅದನ್ನು ಬಿಚ್ಚಿ ತೊಳೆದು ನೋಡುವುದೇ ಮೊದಲ ಮದ್ದು.

ರೋಲರ್ ಹಿಡಿತ

ಥ್ರೆಡ್ಡನ್ನು ಮುಟ್ಟದೆ ನಡುವಿನ ನುಣುಪು ಮೈಯನ್ನೇ ಹಿಡಿಯುವ ಡ್ರೈವರ್ ಇನ್ನೊಂದು ಬಗೆ. ಇದರಲ್ಲಿ ಓರೆಯ ನ್ಯಾಯ ಪೂರ್ತಿ ತಿರುವುಮುರುವು.

ಹೊರಗೆ ಒಂದು ದಪ್ಪ ಉಂಗುರ. ಅದರ ಒಳಮೈ ದುಂಡಗಿಲ್ಲ, ಮೂರು ಕಡೆ ನಿಧಾನವಾಗಿ ಕಿರಿದಾಗುವ ಇಳಿಜಾರುಗಳಿವೆ. ಪ್ರತಿ ಇಳಿಜಾರಿನಲ್ಲಿ ಒಂದು ಉಕ್ಕಿನ ರೋಲರ್, ನಡುವೆ ಸ್ಟಡ್. ಉಂಗುರವನ್ನು ತಿರುಗಿಸಿದಾಗ ರೋಲರ್‌ಗಳು ಇಳಿಜಾರಿನ ಕಿರಿದಾದ ಕಡೆಗೆ ಉರುಳಿ, ಉಂಗುರ ಮತ್ತು ಸ್ಟಡ್ಡಿನ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ. ಹೆಚ್ಚು ತಿರುಗಿಸಿದಷ್ಟೂ ಹೆಚ್ಚು ಬಿಗಿ. ಮೋಟಾರ್‌ಸೈಕಲ್ಲಿನ ಸೆಲ್ಫ್ ಸ್ಟಾರ್ಟರಿನ ಒಮ್ಮುಖ ಕ್ಲಚ್ಚಿನಲ್ಲಿ ಇರುವುದೂ ಇದೇ ತತ್ವ.

ಇಲ್ಲಿ ರೋಲರ್ ಜಾರಬಾರದು, ಕಚ್ಚಿಕೊಳ್ಳಲೇಬೇಕು. ಅದಕ್ಕೆ ಬೆಣೆಯ ಕೋನ ಘರ್ಷಣೆಯ ಕೋನದ ಎರಡು ಪಟ್ಟಿಗಿಂತ ಕಡಿಮೆ ಇರಬೇಕು. ಎಣ್ಣೆ ಸವರಿದ ಉಕ್ಕಿಗೆ ಘರ್ಷಣೆಯ ಗುಣಾಂಕ 0.1 ಎಂದರೆ ಘರ್ಷಣೆಯ ಕೋನ 5.7 ಡಿಗ್ರಿ, ಬೆಣೆಯ ಮಿತಿ 11.4. ಎಣ್ಣೆ ಇನ್ನಷ್ಟು ಜಾರುವಂಥದ್ದಾಗಿ ಗುಣಾಂಕ 0.08ಕ್ಕೆ ಇಳಿದರೆ ಮಿತಿ 9 ಡಿಗ್ರಿಯ ಹತ್ತಿರಕ್ಕೆ ಬರುತ್ತದೆ. ಆದ್ದರಿಂದ ವಿನ್ಯಾಸಕಾರರು 6ರಿಂದ 8 ಡಿಗ್ರಿಯೊಳಗೆ ಉಳಿಯುತ್ತಾರೆ. ಇನ್ನೂ ಕಡಿಮೆ ಮಾಡಿದರೆ ಇನ್ನೂ ಭದ್ರವಲ್ಲವೇ ಎಂದು ನಾನು ಒಮ್ಮೆ ಕೇಳಿದ್ದೆ. ಉತ್ತರ ಸಂಖ್ಯೆಗಳಲ್ಲಿದೆ. 30 ನ್ಯೂಟನ್ ಮೀಟರ್ ತಿರುಗುಬಲ ಎಂದುಕೊಳ್ಳಿ. ಅದೇನೂ ಭಾರಿಯಲ್ಲ, 300 ಮಿಲಿಮೀಟರ್ ಉದ್ದದ ಪಾನಾದ ತುದಿಯನ್ನು ಹತ್ತು ಕಿಲೋ ಭಾರದಷ್ಟು ಬಲದಿಂದ ಎಳೆದಂತೆ. ಎಂ10 ಸ್ಟಡ್ಡಿನ ಮೈಮೇಲೆ ಅದು ಮೂರು ರೋಲರ್‌ಗಳಿಗೆ ಹಂಚಿ ಹೋದಾಗ ಪ್ರತಿಯೊಂದಕ್ಕೂ ಸುತ್ತಿನ ದಿಕ್ಕಿನಲ್ಲಿ 2,000 ನ್ಯೂಟನ್. ಬೆಣೆಯ ಕೋನ 7 ಡಿಗ್ರಿ ಇದ್ದರೆ, ಆ 2,000 ನ್ಯೂಟನ್ನಿಗಾಗಿ ಪ್ರತಿ ರೋಲರ್ ಸ್ಟಡ್ಡನ್ನು ಸುಮಾರು 32,700 ನ್ಯೂಟನ್ ಬಲದಿಂದ ಅದುಮುತ್ತದೆ. ಅಂದರೆ ಒಂದೊಂದು ರೋಲರ್ ಮೇಲೆ ಮೂರು ಟನ್ನಿಗೂ ಮಿಕ್ಕಿದ ಭಾರ. ಕೋನವನ್ನು ಅರ್ಧ ಮಾಡಿದರೆ ಆ ಭಾರ ದುಪ್ಪಟ್ಟಾಗುತ್ತದೆ, ಸ್ಟಡ್ಡಿನ ಮೈಯಲ್ಲಿ ರೋಲರ್ ಅಚ್ಚು ಬೀಳುತ್ತದೆ.

ಕೈಬೆರಳಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣದೊಳಗೆ ಮೂರು ದಿಕ್ಕಿನಿಂದ ಮೂರು ಮೂರು ಟನ್. ಹೊರಗಿನ ಉಂಗುರ ಅಷ್ಟು ದಪ್ಪ ಏಕೆ ಎನ್ನುವುದು ಈಗ ಅರ್ಥವಾಗುತ್ತದೆ. ಉಂಗುರ ತೆಳ್ಳಗಿದ್ದರೆ ಅದು ರಬ್ಬರಿನಂತೆ ಹಿಗ್ಗುತ್ತದೆ, ರೋಲರ್ ಇಳಿಜಾರಿನ ಕೊನೆಯವರೆಗೂ ಉರುಳಿ ಆಚೆ ದಾಟಿಬಿಡುತ್ತದೆ. ಭೋಸರಿಯಲ್ಲಿ ಇಂಥ ಮೈಗೆ ಇಎನ್ 24 ಉಕ್ಕು, ರೋಲರಿಗೆ ಇಎನ್ 31 ಎಂದು ಕೇಳಿದರೆ ಯಾವ ಅಂಗಡಿಯವನೂ ಮರುಪ್ರಶ್ನೆ ಹಾಕುವುದಿಲ್ಲ. ಇಎನ್ 31 ಬೇರಿಂಗ್ ಉಕ್ಕು, ಹದ ಹಾಕಿದರೆ ರಾಕ್‌ವೆಲ್ ಸಿ ಮಾಪನದಲ್ಲಿ 60ರ ಆಸುಪಾಸು ಗಡಸುತನ ಬರುತ್ತದೆ. ಇಎನ್ 24ಕ್ಕೆ ಅಷ್ಟು ಗಡಸುತನ ಇರದಿದ್ದರೂ ಬಿರುಕು ಬಿಡದೆ ತಾಳಿಕೊಳ್ಳುವ ಗುಣ ಇದೆ. ರೋಲರಿಗೆ ಬೇಕಾದ್ದು ಒಂದು, ಉಂಗುರಕ್ಕೆ ಬೇಕಾದ್ದು ಇನ್ನೊಂದು.

ಬಿಡಿಸುವುದರಲ್ಲಿ ರೋಲರ್ ಡ್ರೈವರ್ ಬಹಳ ಸುಲಭ. ರೋಲರ್ ಜಾರುವುದಿಲ್ಲ, ಉರುಳುತ್ತದೆ. ಉಂಗುರವನ್ನು ಕೆಲವೇ ಡಿಗ್ರಿ ಹಿಂದಕ್ಕೆ ತಿರುಗಿಸಿದರೆ ಹಿಗ್ಗಿದ ಉಕ್ಕು ತನ್ನ ಸ್ಥಿತಿಗೆ ಮರಳುತ್ತಾ ರೋಲರನ್ನು ತಾನೇ ಹೊರಕ್ಕೆ ಉರುಳಿಸುತ್ತದೆ. ಸ್ಟಡ್ಡಿನ ಮೇಲೆ ಹಿಂದೆಳೆತವೇ ಇಲ್ಲವೆನ್ನುವಷ್ಟು ಕಡಿಮೆ.

ಇದರಲ್ಲಿ ಹೊಸಬರು ಬೀಳುವ ಗುಂಡಿ ಬೇರೆ. ಎಂ10 ಎಂದ ಮಾತ್ರಕ್ಕೆ ಸ್ಟಡ್ಡಿನ ನಡುಮೈ 10 ಮಿಲಿಮೀಟರ್ ಇರಬೇಕೆಂದಿಲ್ಲ. ಥ್ರೆಡ್ಡನ್ನು ಕತ್ತರಿಸಿ ಮಾಡಿದ ಸ್ಟಡ್ಡಿನ ಮೈ ಪೂರ್ಣ 10 ಇರುತ್ತದೆ. ಒತ್ತಿ ಉರುಳಿಸಿ ಥ್ರೆಡ್ ಮೂಡಿಸುವ ವಿಧಾನದಲ್ಲಿ ಲೋಹ ಹೊರಗೆ ಉಬ್ಬಿ ಹಲ್ಲಾಗುತ್ತದೆ, ಆದ್ದರಿಂದ ಸರಳನ್ನು ಮೊದಲೇ 9 ಮಿಲಿಮೀಟರಿನ ಆಸುಪಾಸು ತೆಗೆದುಕೊಂಡಿರುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹತ್ತಕ್ಕೆಂದು ಮಾಡಿದ ರೋಲರ್ ಡ್ರೈವರ್ ಒಂಬತ್ತರ ಮೇಲೆ ಹಿಡಿಯದೆ ಸುಮ್ಮನೆ ತಿರುಗುತ್ತದೆ, ಅಥವಾ ಇಳಿಜಾರಿನ ತೀರಾ ತುದಿಯಲ್ಲಿ ಹಿಡಿದು ಅರ್ಧದಲ್ಲಿ ಕೈಕೊಡುತ್ತದೆ. ವರ್ನಿಯರ್ ಹಚ್ಚಿ ಮೈ ಅಳೆದ ಮೇಲೆ ಡ್ರೈವರ್ ಆರಿಸಬೇಕು.

ಬಿಗಿಯುವ ಯಂತ್ರದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಡ್ರೈವರನ್ನು ರೇಡಿಯಲ್ ಡ್ರಿಲ್ ಎಂಬ ದೊಡ್ಡ ಕೊರೆಯುವ ಯಂತ್ರಕ್ಕೆ ಹಾಕಿದರೆ, ಸ್ಪಿಂಡಲ್ಲಿನ ಇಳಿತ ಸ್ಟಡ್ಡಿನ ಇಳಿತದ ಜೊತೆ ಹೊಂದಬೇಕು. ಸ್ಟಡ್ ಸುತ್ತಿಗೆ 1.5 ಮಿಲಿಮೀಟರ್ ಇಳಿಯುತ್ತದೆ, ಕೈಯ ಒತ್ತು ಅದಕ್ಕಿಂತ ಹೆಚ್ಚಾದರೆ ಮೆತ್ತನೆಯ ಅಲ್ಯೂಮಿನಿಯಂ ಥ್ರೆಡ್ಡಿನ ಮೊದಲ ಸುತ್ತೇ ಹರಿದು ಹೋಗುತ್ತದೆ. ಹಾಗೆಯೇ ಸ್ಪಿಂಡಲ್ಲಿನ ನಡುಗೆರೆ ಮತ್ತು ರಂಧ್ರದ ನಡುಗೆರೆ ಕೂದಲಷ್ಟು ತಪ್ಪಿದರೂ ಥ್ರೆಡ್ ಅಡ್ಡ ಹತ್ತುತ್ತದೆ. ಆದ್ದರಿಂದ ಡ್ರೈವರ್ ಮತ್ತು ಸ್ಪಿಂಡಲ್ಲಿನ ನಡುವೆ ಸ್ಪ್ರಿಂಗ್ ಇರುವ, ಸ್ವಲ್ಪ ಮೇಲೆ ಕೆಳಗೆ ಮತ್ತು ಸ್ವಲ್ಪ ಪಕ್ಕಕ್ಕೆ ಆಡುವ ಜೋಡಣೆ ಬೇಕು. ದಾರಿ ತೋರಿಸುವುದು ರಂಧ್ರದ ಕೆಲಸ, ಉಪಕರಣ ಅದನ್ನು ಹಿಂಬಾಲಿಸಬೇಕು. ಮೊದಲ ಎರಡು ಸುತ್ತನ್ನು ಕೈಬೆರಳಲ್ಲೇ ಹಾಕಿ ಆಮೇಲೆ ಯಂತ್ರ ಹಚ್ಚುವುದು ಇದೇ ಕಾರಣಕ್ಕೆ. ಬಡಿಬಡಿದು ಬಿಗಿಯುವ ಇಂಪ್ಯಾಕ್ಟ್ ಗನ್ನನ್ನು ಈ ಕೆಲಸಕ್ಕೆ ತರಲೇಬಾರದು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಸ್ಟಡ್ಡಿಗೆ ತಲೆಯಿಲ್ಲ, ಇಲ್ಲಿಗೆ ಮುಗಿಯಿತು ಎಂದು ಹೇಳುವ ತಡೆ ಅದರಲ್ಲಿ ಇಲ್ಲ. ಗನ್ ಬಡಿಯುತ್ತಲೇ ಇರುತ್ತದೆ.

ತಳ ಮುಚ್ಚಿದ ರಂಧ್ರಗಳಲ್ಲಿ ಇನ್ನೂ ಒಂದು ಅಪಾಯ ಅಡಗಿದೆ. ಥ್ರೆಡ್ ಕೊರೆಯಲು ಟ್ಯಾಪ್ ಹೊಡೆದಾಗ ಹಾಕಿದ ಎಣ್ಣೆ ತಳದಲ್ಲಿ ನಿಂತಿದ್ದರೆ, ಇಳಿಯುವ ಸ್ಟಡ್ ಪಿಸ್ಟನ್ನಿನಂತೆ ಅದನ್ನು ಒತ್ತುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಥ್ರೆಡ್ಡಿನ ಸಂದಿಯಲ್ಲಿ ಬೇಗ ಸೋರಿ ಬರಲು ದಾರಿಯೂ ಇಲ್ಲ. ಪಾನಾಕ್ಕೆ ಗಟ್ಟಿ ಸಿಕ್ಕಿತು, ಸ್ಟಡ್ ಕೂತಿತು ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ಕೂತಿರುವುದು ಎಣ್ಣೆಯ ಮೇಲೆ. ಬಲ ಇನ್ನೂ ಹೆಚ್ಚಿದರೆ ಎರಕದ ತಳವೇ ಸೀಳುತ್ತದೆ. ಗಾಳಿ ಊದಿ, ಬಟ್ಟೆ ಸುತ್ತಿದ ಕಡ್ಡಿ ಇಳಿಸಿ ರಂಧ್ರ ಒಣಗಿದೆಯೆಂದು ನೋಡಿಕೊಳ್ಳಲು ಅರ್ಧ ನಿಮಿಷ ಸಾಕು. ಎಷ್ಟೇ ಒಳ್ಳೆಯ ಡ್ರೈವರ್ ಆದರೂ ಈ ಅರ್ಧ ನಿಮಿಷದ ಕೆಲಸವನ್ನು ಅದು ಮಾಡಿಕೊಡಲಾರದು.

ಗುರುವಾರ ಶೆಡ್ಡಿಗೆ ವಾರದ ರಜೆ. ಬುಧವಾರ ಸಂಜೆ ಹೊರಡುವ ಮುನ್ನ ಕಾಕಾ ತಾವು ಗುಂಡು ಕೂರಿಸಿದ ಡ್ರೈವರನ್ನು ಪರೀಕ್ಷಿಸುವ ಬಗೆಯನ್ನೂ ತೋರಿಸಿದ್ದರು. ಸ್ಟಡ್ ಪೂರ್ತಿ ಕೂತ ಮೇಲೆ, ಡ್ರೈವರ್ ಬಿಡಿಸುವ ಮೊದಲು, ಸ್ಟಡ್ಡಿನ ಬುಡದಿಂದ ಎರಕದ ಮೈಗೆ ಸೇರುವಂತೆ ಬಿಳಿ ಬಣ್ಣದ ಒಂದು ಸಣ್ಣ ಗೆರೆ ಎಳೆಯಬೇಕು. ಆಮೇಲೆ ಡ್ರೈವರನ್ನು ಬಿಡಿಸಿ ಗೆರೆಯನ್ನು ನೋಡಬೇಕು. ಗೆರೆ ಮುರಿದಿದ್ದರೆ ಸ್ಟಡ್ ಅಲುಗಿದೆ. ಆವತ್ತು ಎಂಟೂ ಸ್ಟಡ್‌ಗಳ ಬುಡದಲ್ಲಿ ಬಗ್ಗಿ, ಟಾರ್ಚ್ ಹಿಡಿದು ನೋಡಿದೆ. ಎಂಟು ಗೆರೆಗಳೂ ಎಳೆದ ಹಾಗೆಯೇ ನೇರವಾಗಿದ್ದವು.